ಹಾವು ಕಡಿತದ ಪೋಸ್ಟರಿನಲ್ಲಿ ಹವಳದ ಹಾವೂ ಇರಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಆಸ್ಪತ್ರೆ, ಪಂಚಾಯಿತಿ ಗೋಡೆಗಳ ಮೇಲೆ ಹಾವು ಕಡಿತದ ಪೋಸ್ಟರ್ ಇರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕೇ ಚಿತ್ರ. ಜಾಸ್ತಿ ಜೀವ ತೆಗೆಯುವುದು ಇವೇ, ಹಾಕಿದ್ದರಲ್ಲಿ ತಪ್ಪಿಲ್ಲ. ಆದರೆ ಚಿತ್ರದಲ್ಲಿ ಇಲ್ಲದ್ದಕ್ಕೆ ವಿಷವೇ ಇಲ್ಲ ಎಂದು ನಂಬುವವರು ನಮ್ಮ ಕಡೆ ಬಹಳ.

ಹವಳದ ಹಾವು ನಾಗರನ ಕುಟುಂಬದ್ದೇ. ಪಶ್ಚಿಮ ಘಟ್ಟದಲ್ಲಿ ಇದರ ಹಲವು ಜಾತಿಗಳಿವೆ. ಒಂದರ ಬೆನ್ನಿಗೆ ಉದ್ದುದ್ದ ಕಪ್ಪು ಗೆರೆ, ಇನ್ನೊಂದಕ್ಕೆ ಅಡ್ಡಡ್ಡ ಪಟ್ಟೆ. ಕರ್ನಾಟಕ, ಗೋವಾ, ಮಹಾರಾಷ್ಟ್ರದ ಕರಾವಳಿ ಕಡೆಯ ಒಂದು ಜಾತಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದೇ 2012ರಲ್ಲಿ. ಅಷ್ಟು ಗುಟ್ಟಾಗಿ ಬದುಕುವ ಜೀವಿ! ಮೈ ತೆಳ್ಳಗೆ, ತಲೆ ಚಿಕ್ಕದು, ಹೊಟ್ಟೆ ಕೆಂಪು. ದರಕಿನಡಿ (ಉದುರಿದ ಒಣ ಎಲೆಗಳಡಿ), ಕಲ್ಲಿನ ಸಂದಿಯಲ್ಲಿ, ಕೊಳೆತ ದಿಮ್ಮಿಯ ಕೆಳಗೆ ಇರುತ್ತದೆ. ಸಣ್ಣ ಹಾವುಗಳನ್ನು ತಿಂದು ಬದುಕುತ್ತದೆ. ತಾನಾಗಿ ಯಾರ ಮೇಲೂ ಬೀಳುವುದಿಲ್ಲ, ಕಚ್ಚುವುದೂ ಅಪರೂಪ.

ಆದರೆ ನಮ್ಮ ಬೆಟ್ಟಗಳಲ್ಲಿ ದರಕನ್ನು ಬರಿಗೈಯಲ್ಲೇ ಬಾಚಿ ಬುಟ್ಟಿಗೆ ತುಂಬುತ್ತಾರೆ. ಚಂದ ಕಂಡಿತೆಂದು ಹುಡುಗರು ಇಂಥ ಹಾವನ್ನು ಅಂಗೈ ಮೇಲೆ ಬಿಟ್ಟುಕೊಂಡು ಫೋಟೊ ತೆಗೆಯುತ್ತಾರೆ. ಇದು ನೋಡಿದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ.

ಏಕೆಂದರೆ ನಮ್ಮಲ್ಲಿ ಸಿಗುವ ವಿಷ ನಿರೋಧಕ ಚುಚ್ಚುಮದ್ದು ತಯಾರಾಗುವುದು ಆ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ. ಹವಳದ ಹಾವು ಅದರಲ್ಲಿ ಸೇರಿಲ್ಲ. ಈ ಕುಟುಂಬದ ವಿಷ ನರಗಳಿಗೆ ತಾಗುತ್ತದೆ. ರೆಪ್ಪೆ ಜೋಲಬಹುದು, ಉಸಿರಾಟ ಕಷ್ಟವಾಗಬಹುದು. ಆಗ ಜೀವ ಹಿಡಿದಿಡುವುದು ಕೃತಕ ಉಸಿರಾಟ. ಹಾಗಾಗಿ ನಾಟಿ ಮದ್ದು, ಮಂತ್ರ ಎಂದು ಹೊತ್ತು ಕಳೆಯದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಬೇಕು. ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಸಣ್ಣ ಹಾವು ತಾನೇ ಎಂದು ಮನೆಯಲ್ಲೇ ಉಳಿಯುವುದಂತೂ ಬೇಡವೇ ಬೇಡ.

ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯ ಎಂದಿತು. ಒಳ್ಳೆಯ ಹೆಜ್ಜೆ. ಅದರ ಜೊತೆಗೆ ಆರೋಗ್ಯ ಇಲಾಖೆ ಘಟ್ಟದ ತಾಲ್ಲೂಕುಗಳ ಪೋಸ್ಟರಿನಲ್ಲಿ ಹವಳದ ಹಾವಿನ ಚಿತ್ರವನ್ನೂ ಸೇರಿಸಲಿ. ಕೆಳಗೆ 'ಮುಟ್ಟಬೇಡಿ, ಕೊಲ್ಲಬೇಡಿ, ಕಚ್ಚಿದರೆ ತಕ್ಷಣ ಆಸ್ಪತ್ರೆಗೆ' ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ. ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು ಅದನ್ನೇ ತೋರಿಸಿ ಹೇಳಲಿ. ದರಕು ಗುಡಿಸುವ ಹಂಗಾಮಿಗೆ ಮೊದಲೇ ಇದಾಗಲಿ. ತೋಟದ ಮಾಲೀಕರು ಕೆಲಸದವರಿಗೆ ಗಮ್‌ಬೂಟು, ಗ್ಲೌಸ್ ಕೊಡಲಿ. ಇದನ್ನು ನಾವು ಬೆಳೆಗಾರರೇ ಮಾಡಬೇಕು, ಇಲಾಖೆಗೆ ಕಾಯಬೇಕಿಲ್ಲ.

– ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು