ಗೆರೆ ಎಳೆದುಕೊಟ್ಟ ಅಣ್ಣನಿಗೆ

ಮಂಡ್ಯದ ನಮ್ಮ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಎರಡು ದಿನ ದುಡಿದು, ಹೆಸರೂ ಹೇಳದೆ ಹೋದ ಅಣ್ಣ, ನಿಮಗೆ ಕ್ಲಬ್ಬಿನವರೆಲ್ಲರ ಕೈಮುಗಿದ ವಂದನೆ.

ಈ ಕ್ಲಬ್ಬಿನ ಚರಿತ್ರೆ ಸಿಮೆಂಟಿನ ಮೇಲೇ ಇದೆ. ಬುಟ್ಟಿಯಡಿ 6 ಮೀಟರ್ ಅಗಲವಿದ್ದು ಫ್ರೀ ಥ್ರೋ ಗೆರೆಯ ಹತ್ತಿರ 3.60ಕ್ಕೆ ಕಿರಿದಾಗುವ ಮಾಸಿದ ಗೆರೆ, ಮೂರು ಅಂಕದ ಎಸೆತಕ್ಕೆ ಗಡಿಯಾದ 6.25 ಮೀಟರಿನ ಕಮಾನು, ಎರಡೂ 2010ರ ನಿಯಮ ಬದಲಾವಣೆಗೆ ಮುಂಚಿನವು. ಅವನ್ನು ಕೆರೆದು ಹಾಕದೆ ತಿಳಿ ಬೂದು ಬಣ್ಣದಲ್ಲಿ ಉಳಿಸಿದಿರಿ. ಹಳೆಯ ಆಟಗಾರರು ಅಲ್ಲೇ ನಿಂತು ಕೈ ಪಳಗಿಸಿಕೊಂಡವರು. ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

6.75ರ ಹೊಸ ಕಮಾನನ್ನು ಬೋರ್ಡಿನಿಂದಲೋ ಬುಟ್ಟಿಯ ಹಿಂದಿನ ಅಂಚುಗೆರೆಯಿಂದಲೋ ಅಳೆದು ಕೆಡಿಸುವವರೇ ಹೆಚ್ಚು. ನೀವು ರಿಂಗಿನ ನಟ್ಟನಡುವಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟಿರಿ. ಅದು ಅಂಚುಗೆರೆಯ ಒಳಬದಿಯಿಂದ 1.575 ಮೀಟರಿಗೆ ಬಿದ್ದ ಮೇಲೆ, ಅಲ್ಲಿಂದ ಕಮಾನಿನ ಹೊರ ಅಂಚಿಗೆ ಅಳೆದಿರಿ. ನೈಲಾನ್ ದಾರ ಹಿಗ್ಗುತ್ತದೆಂದು ಸ್ಟೀಲ್ ಟೇಪನ್ನೇ ಹಿಡಿದಿರಿ. 28ಕ್ಕೆ 15 ಮೀಟರಿನ ಅಂಕಣದ ಕರ್ಣ 31.76 ಬರಬೇಕು, ಎರಡೂ ಕರ್ಣ ಹೊಂದುವ ತನಕ ಬಣ್ಣದ ಡಬ್ಬಿ ತೆರೆಯಲೇ ಇಲ್ಲ.

ಪಾಚಿ ಉಜ್ಜಿ ಒಂದಿಡೀ ದಿನ ಒಣಗಲು ಬಿಟ್ಟದ್ದರಿಂದ ಬಣ್ಣ ಹಪ್ಪಳದಂತೆ ಏಳಲಿಲ್ಲ. ಬಣ್ಣ ಪೂರ್ತಿ ಆರುವ ಮುಂಚೆಯೇ ಅಂಚಿಗೆ ಹಚ್ಚಿದ್ದ ಅಂಟುಟೇಪ್ ಸುಲಿದಿರಿ, 5 ಸೆಂಟಿಮೀಟರ್ ಗೆರೆಯ ಅಂಚು ಚೂರೂ ಕಿತ್ತಿಲ್ಲ.

ನಿಮ್ಮ ತೂಗುಗುಂಡು ಸ್ಕೋರರ್ ಮೇಜಿನ ಡ್ರಾಯರಿನಲ್ಲಿದೆ. ಬಂದು ತಗೊಳ್ಳಿ ಅಣ್ಣ.