ಹೆಂಚು ಇಳಿಸುವ ಮುಂಚೆ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಮನೆ ರಿಪೇರಿಗೆ ಸಾಲ ತೆಗೆಯೋದು, ಅದರ ಬಡ್ಡಿ, ದಾಖಲೆ, ಅಮ್ಮನ ಸಹಿ, ಅದೆಲ್ಲ ಓದುವಾಗ ಏನೂ ಅನ್ನಿಸಲಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಹೆಂಚು ಇಳಿಸಿದ ಮೇಲೆ ದುಡ್ಡು ನಿಂತುಹೋದರೆ ಏನು ಮಾಡೋದು ದೊಡ್ಡಮ್ಮ" ಅಂತ. ಅಲ್ಲಿಗೆ ಬಂದು ಕೂತುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಕಾಫಿ ಕುಡಿದು ಇದನ್ನು ಫೋನಿನಲ್ಲೇ ಕುಟ್ಟುತ್ತಾ ಇದ್ದೇನೆ, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ದುಡ್ಡು ನಿಲ್ಲುತ್ತೆ ಪುಟ್ಟಿ. ನಿಲ್ಲೋದೇ ಇಲ್ಲ ಅಂತ ಸುಳ್ಳು ಹೇಳಲಾರೆ. ರಿಪೇರಿ ಸಾಲ ಅಂದರೆ ಪೂರ್ತಿ ಗಂಟು ಒಂದೇ ದಿನ ಖಾತೆಗೆ ಬಂದು ಬೀಳುತ್ತೆ ಅಂತ ನೀನು ಅಂದುಕೊಂಡ ಹಾಗಿದೆ. ಸಾಮಾನ್ಯವಾಗಿ ಹಾಗೆ ಆಗಲ್ಲ. ಎಂಜಿನಿಯರ್ ಕೊಟ್ಟ ಎಸ್ಟಿಮೇಟ್ 8 ಲಕ್ಷ, ಬ್ಯಾಂಕಿನವರು ಅದರಲ್ಲಿ ನೂರಕ್ಕೆ 80 ಕೊಡ್ತಾರೆ ಅಂತ ನೀನೇ ಬರೆದಿದ್ದೀಯ. ಅಂದರೆ 6 ಲಕ್ಷ 40 ಸಾವಿರ. ಉಳಿದ 1 ಲಕ್ಷ 60 ಸಾವಿರ ನಿನ್ನದು. ಆ ನಿನ್ನ ಪಾಲು ಮೊದಲು ಖರ್ಚಾಗಲಿ, ಕೆಲಸ ಇಷ್ಟು ಆಗಿದೆ ಅಂತ ಕಣ್ಣಿಗೆ ಕಾಣಲಿ ಅಂತಾರೆ. ಆಮೇಲೆ ಅವರ ಕಡೆಯವರು ಬಂದು ನೋಡಿ, ಫೋಟೋ ತೆಗೆದುಕೊಂಡು ಹೋಗಿ, ಒಂದು ಕಂತು ಬಿಡುಗಡೆ ಮಾಡ್ತಾರೆ. ಮತ್ತೆ ಕೆಲಸ, ಮತ್ತೆ ನೋಡೋದು, ಮತ್ತೆ ಕಂತು. ಈ ಕಂತಿಗೂ ಆ ಕಂತಿಗೂ ನಡುವೆ ಇರುವ ದಿನಗಳಿವೆಯಲ್ಲ, ನಿನ್ನ ಭಯ ಇರೋದು ಅಲ್ಲೇ. ನನ್ನದೂ.

1994ರಲ್ಲಿ ನಮ್ಮ ಮನೆಯ ಮಾಡು, ಅಂದರೆ ಹೆಂಚಿನ ಚಾವಣಿ, ಬಿಚ್ಚಿದ ಕತೆ ನಿನಗೆ ಗೊತ್ತು, ಎಲ್ಲರೂ ನಗಾಡಿಕೊಂಡು ಹೇಳ್ತಾರೆ, ಅಡುಗೆಮನೆಯಲ್ಲಿ ಕೊಡೆ ಹಿಡಿದು ದೋಸೆ ಹೊಯ್ದಿದ್ದು ಅಂತ. ನಾನೂ ನಗ್ತೇನೆ. ನಗುವಾಗ ಹೇಳದೇ ಬಿಟ್ಟಿದ್ದು ಬೇರೆ ಇದೆ. ನಾವು ಸಾಲ ತೆಗೆದದ್ದು ಒಂದು ಸೊಸೈಟಿಯಲ್ಲಿ. ಮೊದಲ ಕಂತು ಯುಗಾದಿ ಆದಮೇಲೆ ಬಂತು, ನಿಮ್ಮ ದೊಡ್ಡಪ್ಪ ಮರುದಿನವೇ ಮೇಸ್ತ್ರಿಯನ್ನು ಕರೆಸಿ ಹೆಂಚು ಇಳಿಸಿಯೇ ಬಿಟ್ಟರು, ಇಳಿಸಿ ನೋಡಿದರೆ ಪಕಾಸಿ ಹೋಗಲಿ, ತೊಲೆಗೂ ಗೆದ್ದಲು ಹತ್ತಿತ್ತು, ಮೇಲಿಂದ ನೋಡಿದಾಗ ಗಟ್ಟಿಯಾಗಿ ಕಾಣ್ತಿದ್ದ ಮರ ಒಳಗೆ ಹಿಟ್ಟು. ಮರಕ್ಕೇ ಮೊದಲ ಕಂತು ಮುಗಿಯಿತು. ಎರಡನೆಯ ಕಂತಿಗೆ ಬಂದು ನೋಡಬೇಕಾದವರು ಇವತ್ತು ನಾಳೆ ಅಂದರು. ರೋಹಿಣಿ ಕಳೆಯಿತು, ಮೃಗಶಿರಾ ಕಳೆಯಿತು. ಆರ್ದ್ರಾ ಮಳೆ ಹಿಡಿದಾಗ ನಮ್ಮ ತಲೆ ಮೇಲೆ ಇದ್ದದ್ದು ಎರಡು ತಾಡಪಾಲು.

ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿದೆವು. ಹದಿನೈದು ದಿನ ಅಂತ ಹೇಳಿ. ಆ ಮುದುಕಿ ಐವತ್ತು ವರ್ಷ ಬಾಳಿದ ಮನೆಯನ್ನು ಇನ್ನೊಬ್ಬರ ಜಗಲಿಯಲ್ಲಿ ಕೂತು ನೋಡ್ತಾ ಇತ್ತು. ವಾಪಸ್ ಬರಲೇ ಇಲ್ಲ. ಪುಷ್ಯ ಮಳೆಯಲ್ಲಿ ಅಲ್ಲೇ ಹೋದರು. ವಯಸ್ಸಾಗಿತ್ತು, ಎಲ್ಲಿದ್ದರೂ ಹೋಗ್ತಿದ್ದರು ಅಂತ ಎಲ್ಲರೂ ಸಮಾಧಾನ ಹೇಳಿದರು.

ಪೆಟ್ಟಿಗೆಯ ತಳದಲ್ಲಿ ನನ್ನ ನಾಲ್ಕು ಬಳೆ ಇದ್ದವು ಪುಟ್ಟಿ. ತವರಿನಿಂದ ಬಂದದ್ದು. ಅಡ ಇಟ್ಟಿದ್ದರೆ ಒಂದು ವಾರದಲ್ಲಿ ಮಾಡು ಮುಚ್ಚುತ್ತಿತ್ತು, ಕಂತು ಬಂದಮೇಲೆ ಬಿಡಿಸಿಕೊಳ್ಳಬಹುದಿತ್ತು. ಮಗಳ ಮದುವೆಗೆ ಅಂತ ಬಾಯಿ ಬಿಡಲಿಲ್ಲ. ಅವಳಿಗೆ ಆಗ ಐದು ವರ್ಷ! ನಿಮ್ಮ ದೊಡ್ಡಪ್ಪನಿಗೂ ಕೊನೆಯವರೆಗೆ ಹೇಳಿಲ್ಲ. ನಿನಗೆ ಯಾಕೆ ಬರೆದೆನೋ, ಇರಲಿ, ಅಳಿಸಲ್ಲ.

ಫೋನಿನಲ್ಲೇ ಸಾಲ ಕೊಡುವ ಆ ಅಪ್ಲಿಕೇಶನ್ ವಿಷಯ ಕೇಳಿದ್ದೀಯ. ಪರ್ಸನಲ್ ಲೋನ್, ಮನೆ ಪತ್ರ ಬೇಡ, ಒಂದೇ ಸಲ ಪೂರ್ತಿ ದುಡ್ಡು. ನಿನ್ನ ಭಯಕ್ಕೆ ಅದೇ ಮದ್ದು ಅನ್ನಿಸೋದು ಸಹಜ. ನನಗೂ ಒಂದು ಗಳಿಗೆ ಅನ್ನಿಸಿತು. ಆದರೆ ಲೆಕ್ಕ ಹಾಕಿ ನೋಡು. ಅದೇ 6 ಲಕ್ಷ 40 ಸಾವಿರ, ನೂರಕ್ಕೆ 14ರ ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 14,900 ಕಟ್ಟಬೇಕು. ಮನೆ ಪತ್ರ ಇಟ್ಟು 9ರ ಬಡ್ಡಿಗೆ 10 ವರ್ಷಕ್ಕೆ ತೆಗೆದರೆ 8,100. ಪೂರ್ತಿ 10 ವರ್ಷ ಎಳೆದರೆ ಬಡ್ಡಿಯೇ 3 ಲಕ್ಷ 33 ಸಾವಿರ ಆಗುತ್ತೆ, ಅದೂ ಕಡಿಮೆಯಲ್ಲ. 7 ವರ್ಷಕ್ಕೆ ಮುಗಿಸಿದರೆ ಬಡ್ಡಿ 2 ಲಕ್ಷ 25 ಸಾವಿರ, ತಿಂಗಳಿಗೆ ಕಟ್ಟೋದು ಮಾತ್ರ 10,300ಕ್ಕೆ ಏರುತ್ತೆ. ನನ್ನ ಕೇಳಿದರೆ ಉದ್ದದ್ದೇ ತಗೋ. ಕೈಯಲ್ಲಿ ಸ್ವಲ್ಪ ಉಸಿರಾಡೋಕೆ ಜಾಗ ಇರಲಿ. ಅಡಿಕೆ ದುಡ್ಡು ಬಂದ ವರ್ಷ ಅಸಲಿಗೆ ಒಂದಿಷ್ಟು ಕಟ್ಟು. ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕಿನವರು ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಅದು. ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಏರಿದರೆ ನಿನ್ನ ಬಡ್ಡಿಯೂ ಏರುತ್ತೆ, ಅದನ್ನೂ ಮನಸ್ಸಿನಲ್ಲಿ ಇಟ್ಟುಕೋ.

ಅಮ್ಮನಿಗೆ ಹರಾಜಿನ ಹೆದರಿಕೆ, ಅಲ್ವಾ? ನಾವು ಕಟ್ಟಬೇಕಾದ ಒಂದು ಕಂತು ತಪ್ಪಿದ ಕೂಡಲೇ ಯಾರೂ ಬಂದು ಬೀಗ ಹಾಕಲ್ಲ ಅಂತ ಹೇಳು. 90 ದಿನ ದಾಟಿ ಬಾಕಿ ನಿಂತರೆ ಸಾಲ ಕೆಟ್ಟಿತು ಅಂತ ಬರೆದುಕೊಳ್ತಾರೆ, ಅದಾದ ಮೇಲೂ 60 ದಿನದ ನೋಟಿಸ್ ಕೊಡಬೇಕು. ಮನೆಯ ಖಾತೆ ಅವಳ ಹೆಸರಿನಲ್ಲಿ ಇರೋದರಿಂದ ಸಾಲಕ್ಕೆ ಅವಳೂ ಸಹಿ ಹಾಕಬೇಕಾಗುತ್ತೆ, ಬರೀ ಸಾಕ್ಷಿಯ ಸಹಿ ಅಲ್ಲ, ಸಾಲಗಾರ್ತಿಯಾಗಿ. ಇದನ್ನು ಮೊದಲೇ ಕೂರಿಸಿಕೊಂಡು ಬಿಡಿಸಿ ಹೇಳು. ಸಾಲ ತೀರಿದ ಮೇಲೆ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ನಮಗೆ ಕೊಡಬೇಕು. ಈ ಮಾತು ಕೇಳಿದರೆ ಅವಳಿಗೆ ಸ್ವಲ್ಪ ಧೈರ್ಯ ಬರಬಹುದು. ಪಂಚಾಯಿತಿ ಕೊಡುವ ಮನೆ ದಾಖಲೆ ನಮೂನೆ 9, 11, ಇಸಿ ಅಂದರೆ ಋಣಭಾರ ಪತ್ರ, ಎಲ್ಲ ತೆಗೆಸಿ ಇಟ್ಟಿದ್ದೀ ಅಂತ ಗೊತ್ತು, ಆ ವಿಷಯದಲ್ಲಿ ನೀನು ನಿನ್ನ ಅಪ್ಪನ ಹಾಗೆ.

ನನಗೆ ಹರಾಜಿನ ಭಯ ಇಲ್ಲ. ತೆರೆದ ಮಾಡಿನದೇ ಭಯ. ಅದಕ್ಕೇ ಇನ್ನೆರಡು ಮಾತು, ಉಪದೇಶ ಅಂದುಕೊಳ್ಳಬೇಡ. ಸಹಿ ಹಾಕುವ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, 2024ರ ಅಕ್ಟೋಬರ್ ಒಂದರಿಂದ ಬಂದ ನಿಯಮ. ಕನ್ನಡದಲ್ಲಿ ಕೊಡಿ ಅಂತ ಕೇಳು, ಸಂಕೋಚ ಬೇಡ, ನಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ನಿಯಮದಲ್ಲೇ ಇದೆ. ಬಡ್ಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಅಂತ ಮೆಲ್ಲಗೆ ಸೇರಿಸಿದ್ದು, ಎಲ್ಲ ಅದರಲ್ಲಿ ಕಾಣುತ್ತೆ. ಜೀವವಿಮೆ ತಗೊಂಡರೇ ಸಾಲ ಅಂದರೆ ಎಲ್ಲಿ ಬರೆದಿದೆ ತೋರಿಸಿ ಅನ್ನು. ಕಂತುಗಳು ಯಾವ ಯಾವ ಹಂತಕ್ಕೆ ಬರುತ್ತವೆ ಅಂತ ಮಾತ್ರ ಬಾಯಿಮಾತಿನಲ್ಲಿ ಬಿಡಬೇಡ, ಬರೆಸಿಕೋ. ಗೋಡೆ ಕೆಲಸಕ್ಕೆ ಒಂದು, ಮಾಡಿಗೆ ಒಂದು ಅಂತಿದ್ದರೆ, ಮಾಡಿನ ಕಂತು ಖಾತೆಗೆ ಬಂದಮೇಲೆಯೇ ಮೇಸ್ತ್ರಿ ಏಣಿ ಹತ್ತಲಿ. ಅವನು ಅವಸರ ಮಾಡ್ತಾನೆ. ಬೇರೆ ಕೆಲಸ ಒಪ್ಪಿಕೊಂಡಿದ್ದೇನೆ ಅಂತಾನೆ. ಮಾಡಲಿ ಬಿಡು.

ಎಸ್ಟಿಮೇಟ್ 8 ಲಕ್ಷ ಅಂದೆಯಲ್ಲ, ಅದರಲ್ಲಿ ಮರಕ್ಕೆ ಎಷ್ಟು ಹಾಕಿದ್ದಾರೆ? ನಿಮ್ಮ ಮನೆ ನಮ್ಮದಕ್ಕಿಂತ ಹಳೇದು. ಇಳಿಸಿದ ಮೇಲೆ ಗೆದ್ದಲು ಕಂಡರೆ ಖರ್ಚು ಏರುತ್ತೆ, ಮಂಜೂರಾದ ಸಾಲ ತಾನಾಗಿ ಏರಲ್ಲ. ಹೊಸ ಎಸ್ಟಿಮೇಟ್, ಮತ್ತೆ ಅರ್ಜಿ, ಮತ್ತೆ ಕಾಯೋದು. ಈಗಲೇ ಒಂದು ಮೂಲೆಯಲ್ಲಿ ನಾಲ್ಕು ಹೆಂಚು ಸರಿಸಿ, ಬಡಗಿಯನ್ನು ಹತ್ತಿಸಿ, ಉಳಿಯಿಂದ ಚುಚ್ಚಿ ನೋಡಿಸು. ಅರ್ಧ ದಿನದ ಕೂಲಿ ಹೋಗುತ್ತೆ ಅಷ್ಟೇ. ಸೋಫಾ, ಮಂಚ ಅಂತ ನಿನ್ನ ತಮ್ಮ ಪಟ್ಟಿಯಲ್ಲಿ ಸೇರಿಸಿದ್ದಾನಲ್ಲ, ಅವನ್ನು ತೆಗೆದುಹಾಕು, ಎತ್ತಿಡೋ ಸಾಮಾನಿಗೆಲ್ಲ ಈ ಸಾಲದಲ್ಲಿ ಸಾಮಾನ್ಯವಾಗಿ ಕೊಡಲ್ಲ. ತೆರಿಗೆ ಉಳಿಯುತ್ತೆ ಅಂತಲೂ ಅವನೇ ಹೇಳಿರಬೇಕು. ನಾವೇ ವಾಸ ಇರುವ ಮನೆಯ ರಿಪೇರಿ ಸಾಲಕ್ಕೆ ಹಳೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿ ಬಡ್ಡಿಯವರೆಗೆ ಮಾತ್ರ ಆದಾಯದಿಂದ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡ.

ಇಷ್ಟೆಲ್ಲ ಬರೆದೆ. ನೀನು ಕೇಳಿದ್ದು ಒಂದೇ ಪ್ರಶ್ನೆ. ದುಡ್ಡು ನಿಂತರೆ ಏನು ಮಾಡೋದು.

ಹಳೇ ಹೆಂಚು ಮಾರಬೇಡ. ಇಳಿಸಿದ ವಾರದಲ್ಲೇ ಯಾರಾದರೂ ಬಂದು ಒಳ್ಳೆ ಮಂಗಳೂರು ಹೆಂಚು, ಎಷ್ಟಕ್ಕೆ ಕೊಡ್ತೀರಿ ಅಂತಾರೆ, ಕೈಯಲ್ಲಿ ಕಾಸಿಲ್ಲದಾಗ ಆ ಮಾತು ಸಿಹಿಯಾಗಿ ಕೇಳುತ್ತೆ. ಹೆಂಚು ಕೂರಿಸುವ ರೀಪನ್ನೂ ಸೌದೆಗೆ ಹಾಕಬೇಡ. ಎಲ್ಲ ಹಿತ್ತಲಿನಲ್ಲಿ ಸಾಲಾಗಿ ಜೋಡಿಸಿಡು, ಕೊನೆಯ ಕಂತು ಬಂದು ಹೊಸ ಮಾಡು ಮುಚ್ಚುವವರೆಗೆ. ಕಂತು ತಡವಾಯಿತು, ಮೋಡ ಕಟ್ಟಿತು ಅನ್ನಿಸಿದರೆ ಆಳು ಹಿಡಿದು ಅಮ್ಮ ಮಲಗುವ ಕೋಣೆಯ ಮೇಲಾದರೂ ವಾಪಸ್ ಹೊದಿಸಿಬಿಡಬಹುದು.

ನಾವು ಮಾರಿಬಿಟ್ಟಿದ್ದೆವು.

ಎಸ್ಟಿಮೇಟ್ ಹಾಳೆಯ ಫೋಟೋ ಕಳಿಸು, ಅಕ್ಷರ ಕಾಣೋ ಹಾಗೆ.

ನಿನ್ನ
ದೊಡ್ಡಮ್ಮ