ಗೆಳೆಯನಿಗೊಂದು ಪತ್ರ: ರೇಬನ್ ಹಿನ್ನೀರಿನ ದೋಣಿ ಮೆರವಣಿಗೆ

ಪ್ರೀತಿಯ ಗೆಳೆಯಾ,

ನಾನು ಕಳಿಸಿದ ದೋಣಿ ಮೆರವಣಿಗೆಯ ಫೋಟೊ ನೋಡಿ "ಇದೇನು ಮಾರಾಯ, ಅಮೆರಿಕದಲ್ಲೂ ತೆಪ್ಪೋತ್ಸವವಾ?" ಅಂತ ಕೇಳಿದ್ದೆಯಲ್ಲ. ಹೆಚ್ಚುಕಮ್ಮಿ ಹಾಗೇ, ದೇವರು ಮಾತ್ರ ಇಲ್ಲ. ವಾಟ್ಸಾಪಿನಲ್ಲಿ ಹೇಳಿ ಮುಗಿಯುವುದಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಾಗರದ ಕಡೆಯವರು ಬೇರೆ ಯಾರಾದರೂ ಓದಿದರೆ ಓದಲಿ.

ಜಾಗದ ಹೆಸರು ಲೇಕ್ ರೇಬನ್. ಜಾರ್ಜಿಯಾದ ಈಶಾನ್ಯ ಮೂಲೆಯ ಗುಡ್ಡಗಾಡು, ಅಟ್ಲಾಂಟಾದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಜುಲೈ 4 ಇಲ್ಲಿಯವರ ಸ್ವಾತಂತ್ರ್ಯ ದಿನ. ಆ ರಜೆಯ ಆಸುಪಾಸಿನಲ್ಲಿ ಇಲ್ಲಿ ಮರದ ದೋಣಿಗಳ ಮೆರವಣಿಗೆ ನಡೆಯುತ್ತದೆ. ನನ್ನ ಆಫೀಸಿನವರೊಬ್ಬರ ಮಾವನಿಗೆ ದಡದಲ್ಲೇ ಮನೆಯಿದೆ. ಕರೆದರು, ಹೋದೆವು.

ದೋಣಿ ಅಂದರೆ ನಮ್ಮ ಹರಿಗೋಲು, ಉಕ್ಕಡ ಅಂದುಕೊಳ್ಳಬೇಡ. ಇವು ಮೋಟಾರಿನ ದೋಣಿಗಳು. ಮಹೋಗನಿ ಹಲಗೆ, ಮುಖ ಕಾಣುವಷ್ಟು ಹೊಳೆಯುವ ವಾರ್ನಿಷ್, ಮುಂದೆ ಕ್ರೋಮ್ ಪಟ್ಟಿ. ಕ್ರಿಸ್-ಕ್ರಾಫ್ಟ್ ಅಂತ ಮಿಶಿಗನ್ನಿನ ಹಳೇ ಕಂಪನಿಯ ದೋಣಿಗಳಿಗೆ ಇಲ್ಲಿ ತುಂಬಾ ಮರ್ಯಾದೆ. ಫೈಬರ್ ಗ್ಲಾಸ್ ಬಂದ ಮೇಲೆ ಮರದವು ಮೂಲೆಗೆ ಬಿದ್ದವು. ಉಳಿದವನ್ನು ಮನೆಮಂದಿ ಮಕ್ಕಳಿಗಿಂತ ಜಾಸ್ತಿ ಮುದ್ದು ಮಾಡುತ್ತಾರೆ. ಮನೆಯ ಯಜಮಾನರು ಒಂದು ವಿಷಯ ಹೇಳಿದರು, ನಿನಗೆ ಇಷ್ಟವಾಗುತ್ತದೆ. ಚಳಿಗಾಲವೆಲ್ಲ ಶೆಡ್ಡಿನಲ್ಲಿ ಒಣಗಿದ ಹಳೇ ದೋಣಿಯನ್ನು ನೇರ ಓಡಿಸುವಂತಿಲ್ಲ. ಹಲಗೆಗಳ ನಡುವೆ ಸಂದಿ ಬಿಟ್ಟಿರುತ್ತದೆ, ನೀರು ಒಳಗೆ ಬರುತ್ತದೆ. ಅದಕ್ಕೇ ಮುಂಚೆಯೇ ನೀರಿಗಿಳಿಸಿ, ಪಂಪು ಓಡಿಸುತ್ತಾ ಬಿಡುತ್ತಾರೆ. ಮರ ಉಬ್ಬಿ ಸಂದಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಒಣಗಿದ ಮರಿಗೆಯನ್ನು ಅಜ್ಜಿ ನೀರಲ್ಲಿ ನೆನೆಹಾಕುತ್ತಿದ್ದರಲ್ಲ, ಅದೇ ಲೆಕ್ಕ.

ಮೆರವಣಿಗೆಗೆ ಅವಸರವೇ ಇಲ್ಲ. ಅಲೆ ಏಳದ ಹಾಗೆ ಒಂದರ ಹಿಂದೆ ಒಂದು, ಗುಡುಗುಡು ಅಂತ ಸಾಗುತ್ತವೆ. ಕೆಂಪು-ಬಿಳಿ-ನೀಲಿ ಬಟ್ಟೆ, ಬಾವುಟ, ಬಲೂನು. ಒಂದು ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟ ನಾಯಿ ಗಂಭೀರವಾಗಿ ಕೂತಿತ್ತು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಅದಕ್ಕೇ. ದಡದ ಉದ್ದಕ್ಕೂ ದೋಣಿಮನೆಗಳು: ಕೆಳಗೆ ದೋಣಿ, ಮೇಲೆ ಜಗಲಿ. ಜನ ಅಲ್ಲಿ ಕೂತು ಕೈ ಬೀಸುತ್ತಾರೆ, ಮಕ್ಕಳು ನೀರು ಎರಚುತ್ತಾರೆ. ನನ್ನ ಮಗ ಪೂರ್ತಿ ಒದ್ದೆ. ಊಟದ ಬಗ್ಗೆ ಕೇಳಬೇಡ, ಸಸ್ಯಾಹಾರಿಗೆ ಜೋಳದ ತೆನೆ, ಕಲ್ಲಂಗಡಿ ಅಷ್ಟೇ.

ಇಷ್ಟು ಚಂದದ ಕೆರೆ ಅಸಲಿಗೆ ಕರೆಂಟಿನ ಟ್ಯಾಂಕು ಕಣೋ. ಟಲ್ಲೂಲಾ ನದಿಗೆ ಅಡ್ಡ 1915ರಲ್ಲಿ ಮ್ಯಾಥಿಸ್ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದರು. ಅಟ್ಲಾಂಟಾದ ಟ್ರಾಮು ಓಡಬೇಕಿತ್ತು, ದೀಪ ಉರಿಯಬೇಕಿತ್ತು. ಇದೊಂದೇ ಅಲ್ಲ. ಬರ್ಟನ್, ಸೀಡ್, ರೇಬನ್, ಟಲ್ಲೂಲಾ ಫಾಲ್ಸ್, ಟೂಗಲೋ, ಯೋನಾ ಅಂತ ಆರು ಜಲಾಶಯಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿನದು ಬಿಟ್ಟ ನೀರನ್ನೇ ಕೆಳಗಿನದು ಮತ್ತೆ ದುಡಿಸಿಕೊಳ್ಳುತ್ತದೆ. ನಮ್ಮ ಶರಾವತಿಯ ಲಿಂಗನಮಕ್ಕಿ, ತಳಕಳಲೆ, ಗೇರುಸೊಪ್ಪೆ ಅಣೆಕಟ್ಟುಗಳು ನೆನಪಾಗದೆ ಇರುತ್ತದಾ?

ಎಲ್ಲಕ್ಕಿಂತ ಮೇಲಿರುವ ಬರ್ಟನ್ ಅಂತೂ ಮುಳುಗಿದ ಊರಿನ ಹೆಸರು. 1919ರ ಕೊನೆಯಲ್ಲಿ ಅಣೆಕಟ್ಟಿನ ಬಾಗಿಲು ಹಾಕಿದರು, ಊರು ನೀರಿನಡಿಗೆ ಹೋಯಿತು. ಕೆಳಗೆ ಟಲ್ಲೂಲಾ ಕಮರಿಯಲ್ಲಿ ಒಂದು ಕಾಲಕ್ಕೆ ಜೋಗದಂಥ ಅಬ್ಬರವಿತ್ತಂತೆ. ಜಲಪಾತ ನೋಡಲು 1882ರಿಂದ ರೈಲೇ ಬರುತ್ತಿತ್ತು, ಹೋಟೆಲುಗಳಿದ್ದವು. ಅಣೆಕಟ್ಟು ಬೇಡ ಅಂತ ಹೆಲೆನ್ ಲಾಂಗ್‌ಸ್ಟ್ರೀಟ್ ಎಂಬ ಹೆಂಗಸು ಹೋರಾಡಿದರು. ವಿಷಯ ಕೋರ್ಟಿನ ತನಕ ಹೋಯಿತು, ಕಂಪನಿಯೇ ಗೆದ್ದಿತು. ಈಗ ವರ್ಷದಲ್ಲಿ ಕೆಲವೇ ದಿನ, ಮೊದಲೇ ಗೊತ್ತುಮಾಡಿದ ಹೊತ್ತಿಗೆ ನೀರು ಬಿಡುತ್ತಾರೆ. ಆ ದಿನ ನೋಡಿಕೊಂಡು ಜನ ಬರುತ್ತಾರೆ. ಜೋಗಕ್ಕೆ ಬಂದು "ನೀರು ಬಿಟ್ಟಿದ್ದಾರಾ?" ಅಂತ ಕೇಳುವವರನ್ನು ನೋಡಿ ನಾವು ನಗುತ್ತಿದ್ದೆವಲ್ಲ, ಈಗ ಆ ಸಾಲಿನಲ್ಲಿ ನಾನೂ ಇದ್ದೇನೆ.

ಅಲ್ಲಿ ಕೂತು ಹೊಟ್ಟೆಕಿಚ್ಚು ಪಟ್ಟೆ ಅಂತ ನೇರವಾಗಿಯೇ ಹೇಳುತ್ತೇನೆ. ದುಡ್ಡಿನದ್ದಲ್ಲ. ಬೇಸಿಗೆಯಲ್ಲಿ ದೋಣಿಮನೆಗಳು ಒಣಗದ ಹಾಗೆ ಇಲ್ಲಿ ನೀರನ್ನು ತುಂಬಿಸಿಯೇ ಇಟ್ಟಿರುತ್ತಾರೆ. ದಡದ ನೆಲದಲ್ಲಿ ಬಹಳಷ್ಟು ಕರೆಂಟ್ ಕಂಪನಿಯದೇ. ಎಷ್ಟೋ ಮನೆಗಳು ಲೀಸಿನ ಜಾಗದಲ್ಲಿವೆ, ಆದರೂ ಅವರ ಕೈಯಲ್ಲಿ ಕಾಗದವಿದೆ. ನಿಮ್ಮಪ್ಪ ಎಷ್ಟು ಸಲ ತಾಲೂಕು ಕಚೇರಿಗೆ ಅಲೆದರು ಹೇಳು. 1964ರಲ್ಲಿ ಲಿಂಗನಮಕ್ಕಿ ತುಂಬಿತು. ಮುಳುಗಡೆಯವರ ಎರಡನೇ ತಲೆಮಾರು ಹಕ್ಕುಪತ್ರಕ್ಕೆ ಅಲೆಯುತ್ತಾ ಮುದುಕಾಯಿತು. ಹಿನ್ನೀರಿನ ಆಚೆ ಉಳಿದವರು ದಾಟಿಸುವ ಲಾಂಚ್ ಕಾಯುತ್ತಾ ಅರ್ಧ ಆಯಸ್ಸು ಕಳೆದರು. ಮಳೆ ತಡವಾದ ವರ್ಷ ನೀರು ಇಳಿದು, ಲಾಂಚಿಗೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು. ಹಿನ್ನೀರಲ್ಲಿ ನಿಂತ ದೋಣಿ ಅಂದರೆ ನಮಗೆ ಹೆರಿಗೆಗೆ, ಆಸ್ಪತ್ರೆಗೆ, ಪರೀಕ್ಷೆಗೆ. ಬಾವುಟ ಕಟ್ಟಿ ಸುಮ್ನೆ ತಿರುಗಾಡುವುದಕ್ಕಲ್ಲ. ಇಲ್ಲಿಯವರ ಸಂಭ್ರಮ ತಪ್ಪು ಅಂತಲ್ಲ. ನಮಗೂ ಅಂಥದೊಂದು ದಿನ ಇರಬಾರದಾ ಅಂತ ಅನ್ನಿಸಿತು, ಅಷ್ಟೇ.

2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಶುರುವಾದ ವಿಡಿಯೊ ಹತ್ತು ಜನ ಕಳಿಸಿದರು. ಖುಷಿಯಾಯಿತು. ನೀನು ಈಗ ಬೈಕಿನಲ್ಲೇ ದಾಟುತ್ತಿರಬೇಕು.

ಮುಂದಿನ ಮೇ ತಿಂಗಳು ಊರಿಗೆ ಬರುತ್ತೇವೆ. ನೀರು ಇಳಿದಿದ್ದರೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದಿರುತ್ತದೆ, ಮಗನಿಗೆ ತೋರಿಸಬೇಕು. ಹತ್ತಿರ ಹೋಗಲು ಯಾರದಾದರೂ ದೋಣಿ ಸಿಗುತ್ತದಾ, ಇಲ್ಲ ನಡೆದೇ ಹೋಗಬೇಕಾ, ವಿಚಾರಿಸಿಡು. ಅಮ್ಮನಿಗೆ ಕೇಳಿದೆ ಅಂತ ಹೇಳು. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಸಾಕು, ಈ ಸಲ ಜಾಸ್ತಿ ಹಾಕಿಸಬೇಡ. ವಿಮಾನದಲ್ಲಿ ತೂಕ ಮೀರುತ್ತದೆ.

ಇಂತಿ ನಿನ್ನ ಗೆಳೆಯ